ದೂರವಾಣಿ ಜಾಲದಲ್ಲಿ ಸಾಮೂಹಿಕ ಪ್ರಕಟಣೆಯ ವ್ಯವಸ್ಥೆ

ಗುಜರಾತಿನ ವಡೋದರಾ ನಗರದ ನಡುವೆ ವಿಶ್ವಾಮಿತ್ರಿ ನದಿ ಹರಿಯುತ್ತದೆ. 2024ರ ಆಗಸ್ಟ್ ಕೊನೆಯ ವಾರದಲ್ಲಿ ಭಾರಿ ಮಳೆಯಿಂದಲೂ ಆಜ್ವಾ ಜಲಾಶಯದ ಕಡೆಯಿಂದ ಬಂದ ನೀರಿನಿಂದಲೂ ಈ ನದಿಯು 25 ಅಡಿಯ ಅಪಾಯದ ಮಟ್ಟವನ್ನು ದಾಟಿ 35 ಅಡಿಗೂ ಮೇಲೇರಿತು. ಫತೇಗಂಜ್, ಸಯಾಜಿಗಂಜ್ ಮೊದಲಾದ ಬಡಾವಣೆಗಳ ತಗ್ಗು ಭಾಗಗಳು ಜಲಾವೃತವಾದವು. ಇಂತಹ ಬಡಾವಣೆಯಲ್ಲಿರುವ ಮೂರಂತಸ್ತಿನ ಆಸ್ಪತ್ರೆಯೊಂದನ್ನು ಊಹಿಸಿಕೊಳ್ಳೋಣ. ನೆಲಮಹಡಿಯ ರೋಗಿಗಳನ್ನು ಕೂಡಲೇ ಮೇಲಕ್ಕೆ ಸಾಗಿಸಬೇಕೆಂಬ ಸೂಚನೆ ಅಲ್ಲಿನ 30 ದೂರವಾಣಿಗಳಿಗೆ ತಲುಪಬೇಕಾಗಿದೆ. ಒಂದೊಂದಕ್ಕೆ ಅರ್ಧ ನಿಮಿಷದಂತೆ ಕರೆ ಮಾಡಿದರೂ ಕಾಲು ಗಂಟೆ ಹಿಡಿಯುತ್ತದೆ. ಈ ಕಾಲು ಗಂಟೆಯನ್ನು ಉಳಿಸುವುದೇ ಸಾಮೂಹಿಕ ಪ್ರಕಟಣಾ ವಾಹಿನಿಯ ಉದ್ದೇಶ.

ಇಂದು ಅನೇಕ ಸಂಸ್ಥೆಗಳ ದೂರವಾಣಿಗಳು ಗಣಕಯಂತ್ರಗಳಂತೆಯೇ ಜಾಲಕ್ಕೆ ಜೋಡಣೆಗೊಂಡಿವೆ. ಇವುಗಳಲ್ಲಿ ಮಾತು ಸಾಮಾನ್ಯವಾಗಿ ಸೆಕೆಂಡಿಗೆ 50 ತುಣುಕುಗಳಾಗಿ ಸಾಗುತ್ತದೆ. ಜಿ.711 ಎಂಬ ಧ್ವನಿ ಸಂಕೇತನ ವಿಧಾನದಲ್ಲಿ ಒಂದು ಮಾತಿನ ಹರಿವಿಗೆ ಸೆಕೆಂಡಿಗೆ ಸುಮಾರು 80 ಕಿಲೋಬಿಟ್ ಬೇಕು. 30 ದೂರವಾಣಿಗಳಿಗೆ ಪ್ರತ್ಯೇಕವಾಗಿ ಕಳುಹಿಸಿದರೆ ಇದು 2,400 ಕಿಲೋಬಿಟ್ ಆಗುತ್ತದೆ. ಗುಂಪು ಪ್ರಸಾರದಲ್ಲಾದರೋ ಒಂದೇ ಹರಿವು ಹೊರಡುತ್ತದೆ. ಜಾಲದ ಸ್ವಿಚ್ (ದೀಪದ ಗುಂಡಿಯಲ್ಲ, ತಂತಿಗಳು ಬಂದು ಕೂಡುವ ಪೆಟ್ಟಿಗೆ) ಅದರ ಪ್ರತಿಗಳನ್ನು ಮಾಡಿ ಹಂಚುತ್ತದೆ. ತಂತ್ರಜ್ಞರು ಇದನ್ನು ‘ಮಲ್ಟಿಕಾಸ್ಟ್’ ಎನ್ನುತ್ತಾರೆ. ಉಪಕರಣ ಕೊಳ್ಳುವಾಗ ಆ ಪದವನ್ನೇ ಬಳಸುವುದು ಲೇಸು. 1935ರಲ್ಲಿ ಮೈಸೂರಿನಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ಬಾನುಲಿ ಕೇಂದ್ರವನ್ನು ಆರಂಭಿಸಿದಾಗ ಕೇಳುಗರು ಎಷ್ಟು ಮಂದಿಯೆಂದು ಯಂತ್ರಕ್ಕೆ ತಿಳಿಯುತ್ತಿರಲಿಲ್ಲ. ಇಲ್ಲಿಯೂ ಹಾಗೆಯೇ. ಮಾತು ತಲುಪಿತೆಂಬ ರಸೀದಿ ಹಿಂದಿರುಗಿ ಬರುವುದಿಲ್ಲ. ಈ ವ್ಯವಸ್ಥೆಯ ಸೌಲಭ್ಯವೂ ಅಪಾಯವೂ ಇದೇ ಆಗಿದೆ.

ಗುಂಪು ಪ್ರಸಾರಕ್ಕೆ 224ರಿಂದ 239ರವರೆಗೆ ಆರಂಭವಾಗುವ ವಿಳಾಸಗಳನ್ನು ಮೀಸಲಿಡಲಾಗಿದೆ. ಒಂದು ಆವರಣದ ಒಳಗಿನ ಬಳಕೆಗೆ 239ರಿಂದ ಆರಂಭವಾಗುವವು ಸೂಕ್ತ, 224.0.0 ಎಂದು ಆರಂಭವಾಗುವವನ್ನು ಜಾಲದ ಆಂತರಿಕ ನಿರ್ವಹಣೆಗೆಂದು ಬಿಡಬೇಕು. ಆಯ್ದ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ಪ್ರತಿಯೊಂದು ದೂರವಾಣಿಯ ‘ಆಲಿಸುವ ಪಟ್ಟಿ’ಯಲ್ಲಿ ತಪ್ಪಿಲ್ಲದೆ ನಮೂದಿಸಬೇಕು. ನೆಲಮಹಡಿಗೆ ಒಂದು, ವಾರ್ಡುಗಳಿಗೆ ಒಂದು, ಇಡೀ ಕಟ್ಟಡಕ್ಕೆ ಒಂದು ಎಂದು ಮೂರು ವಾಹಿನಿಗಳಿದ್ದರೆ ಮೂರಕ್ಕೂ ಬೇರೆ ಬೇರೆ ವಿಳಾಸ ಕೊಡುವುದು ಅಗತ್ಯ. ಪೋರ್ಟ್ ಮಾತ್ರ ಬದಲಿಸಿದರೆ ಸಾಲದು. ಸ್ವಿಚ್ ಗುಂಪುಗಳನ್ನು ಪ್ರತ್ಯೇಕಿಸುವುದು ವಿಳಾಸದಿಂದಲೇ ಹೊರತು ಪೋರ್ಟಿನಿಂದಲ್ಲ.

ಆದ್ಯತೆಯ ಅಂಕಿಯನ್ನು ಹಲವರು ಕಡೆಗಣಿಸುತ್ತಾರೆ. ನಡೆಯುತ್ತಿರುವ ಕರೆಗಿಂತ ಪ್ರಕಟಣೆಯ ಆದ್ಯತೆ ಕಡಿಮೆಯಿದ್ದರೆ ದೂರವಾಣಿ ಪ್ರಕಟಣೆಯನ್ನು ಸದ್ದಿಲ್ಲದೆ ಕೈಬಿಡುತ್ತದೆ. ವಿಪತ್ತಿನ ಹೊತ್ತಿನಲ್ಲಿ ಸದಾ ಕರೆಯಲ್ಲಿ ತೊಡಗಿರುವುದು ತುರ್ತು ಚಿಕಿತ್ಸಾ ವಿಭಾಗದ ದೂರವಾಣಿಯೇ ಅಲ್ಲವೇ? ಆದುದರಿಂದ ಇಡೀ ಕಟ್ಟಡದ ವಾಹಿನಿಗೆ ಅತ್ಯುನ್ನತ ಆದ್ಯತೆ ಇರಬೇಕು. ಊಟದ ವೇಳೆಯ ಪ್ರಕಟಣೆಗೆ ಅದು ಬೇಡ.

ಅತ್ಯಂತ ಮೋಸಗೊಳಿಸುವ ದೋಷ ಇನ್ನೊಂದಿದೆ. ಬೇಡದ ಕಡೆಗೆ ಧ್ವನಿ ಹೋಗದಂತೆ, ಯಾವ ತಂತಿಯ ತುದಿಯಲ್ಲಿ ಯಾವ ಗುಂಪಿನ ಸದಸ್ಯರಿದ್ದಾರೆಂಬ ಪಟ್ಟಿಯನ್ನು ಸ್ವಿಚ್ ಇಟ್ಟುಕೊಳ್ಳುತ್ತದೆ. ದೂರವಾಣಿಯನ್ನು ಚಾಲೂ ಮಾಡಿದಾಗ ಅದು ತನ್ನ ಸದಸ್ಯತ್ವವನ್ನು ತಿಳಿಸುತ್ತದೆ. ಆದರೆ ಆಗಾಗ್ಗೆ, ರೂಢಿಯಂತೆ 125 ಸೆಕೆಂಡಿಗೊಮ್ಮೆ, ‘ಇನ್ನೂ ಇದ್ದೀರಾ?’ ಎಂದು ವಿಚಾರಿಸುವ ಉಪಕರಣವೊಂದು ಜಾಲದಲ್ಲಿ ಇರಲೇಬೇಕು. ಇಲ್ಲವಾದರೆ ಸುಮಾರು 260 ಸೆಕೆಂಡುಗಳ ಬಳಿಕ ಹೆಸರುಗಳು ಪಟ್ಟಿಯಿಂದ ಅಳಿಸಿಹೋಗುತ್ತವೆ. ಅಳವಡಿಸಿದವರು ಒಡನೆಯೇ ಪರೀಕ್ಷಿಸಿ, ಎಲ್ಲ ಕಡೆಯೂ ಧ್ವನಿ ಕೇಳಿತೆಂದು ಸಹಿ ಪಡೆದು ಹೊರಡುತ್ತಾರೆ. ಐದು ನಿಮಿಷದೊಳಗೆ ಕಟ್ಟಡ ಮೂಕವಾಗಿರುತ್ತದೆ. ಇದು ಯಾರಿಗೂ ತಿಳಿಯುವುದಿಲ್ಲ, ಏಕೆಂದರೆ ಸಾಧಾರಣ ಕರೆಗಳು ಎಂದಿನಂತೆ ನಡೆಯುತ್ತಲೇ ಇರುತ್ತವೆ. ‘ಕ್ವೆರಿಯರ್’ ಎನ್ನಲಾಗುವ ಈ ವಿಚಾರಣೆಯ ಕಾರ್ಯವನ್ನು ಒಂದು ಸ್ವಿಚ್ಚಿಗೋ ರೂಟರಿಗೋ ವಹಿಸಿದ್ದೀರಾ ಎಂದು ಗುತ್ತಿಗೆದಾರರನ್ನು ಕೇಳಿ. ಅವರ ಎದುರಿಗೆ ಹತ್ತು ನಿಮಿಷ ಕಳೆದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ನಿಸ್ತಂತು ಜಾಲವನ್ನು ಇದಕ್ಕೆ ಪೂರ್ಣವಾಗಿ ನೆಚ್ಚಬಾರದು. ಅಲ್ಲಿ ಗುಂಪು ಪ್ರಸಾರದ ಕಳೆದ ತುಣುಕುಗಳನ್ನು ಪುನಃ ಕಳುಹಿಸುವ ಕ್ರಮವಿಲ್ಲದ ಕಾರಣ ಮಾತು ಕಡಿದು ಕಡಿದು ಕೇಳಬಹುದು.

ವಿದ್ಯುತ್ತಿನ ವಿಚಾರವನ್ನೂ ಮರೆಯುವಂತಿಲ್ಲ. ಹಳೆಯ ದೂರವಾಣಿಗಳಿಗೆ ವಿನಿಮಯ ಕೇಂದ್ರದ ಬ್ಯಾಟರಿಯಿಂದಲೇ 48 ವೋಲ್ಟ್ ಬರುತ್ತಿತ್ತು. ಊರಿನಲ್ಲಿ ದೀಪ ಆರಿದರೂ ಅವು ಮಾತನಾಡುತ್ತಿದ್ದವು. ಹೊಸ ದೂರವಾಣಿಗಳಿಗೆ ಕಟ್ಟಡದ ಸ್ವಿಚ್ಚಿನಿಂದಲೇ ವಿದ್ಯುತ್ ಬರುವುದು ವಾಡಿಕೆ. ಆ ಸ್ವಿಚ್ಚನ್ನೂ ಅದರ ಬ್ಯಾಟರಿಯನ್ನೂ ನೆಲಮಹಡಿಯ ಮೆಟ್ಟಿಲಿನ ಕೆಳಗೆ ಇರಿಸಿದ್ದರೆ, ಎಚ್ಚರಿಕೆ ನೀಡಬೇಕಾದ ಉಪಕರಣವೇ ನೀರಿನಲ್ಲಿ ಮೊದಲು ಮುಳುಗುತ್ತದೆ. ತಗ್ಗು ಪ್ರದೇಶಗಳಲ್ಲಿ ಇವೆರಡನ್ನೂ ಮೇಲಂತಸ್ತಿಗೆ ಒಯ್ಯಬೇಕು.

ಕೊನೆಯದಾಗಿ, ತಿಂಗಳಿಗೊಮ್ಮೆ ಪ್ರಕಟಣೆಯ ಪರೀಕ್ಷೆ ನಡೆಯಲಿ. ಯಂತ್ರದಿಂದ ರಸೀದಿ ಬಾರದ ಕಾರಣ ಮಹಡಿಗೊಬ್ಬರು ನಿಂತು ಆಲಿಸಿ, ಕೇಳಿದ್ದನ್ನೂ ಕೇಳದಿದ್ದುದನ್ನೂ ಪುಸ್ತಕದಲ್ಲಿ ಬರೆಯಲಿ. ರಾತ್ರಿ ಪಾಳಿಯವರು ನಿದ್ರಿಸುವ ರೋಗಿಗಳ ಸಲುವಾಗಿ ಧ್ವನಿಯನ್ನು ತಗ್ಗಿಸಿಟ್ಟ ದೂರವಾಣಿ ಒಂದೆರಡು ಆಗ ಸಿಕ್ಕೇ ಸಿಗುತ್ತವೆ.