ಊರ ಕೆರೆಯ ಲೆಕ್ಕ ಕೇಳುವುದು ಹೇಗೆ?

ಸರ್ಕಾರವನ್ನು ಪ್ರಶ್ನಿಸುವುದನ್ನು ನವಲಗುಂದದವರಿಗೆ ಹೊರಗಿನಿಂದ ಬಂದು ಯಾರೂ ಕಲಿಸಬೇಕಾಗಿಲ್ಲ. 1980ರ ಜುಲೈನಲ್ಲಿ ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದ ಬಂಡಾಯ ರಾಜ್ಯದ ರಾಜಕೀಯವನ್ನೇ ಅಲುಗಿಸಿತು. 2015ರಿಂದ ಮಹದಾಯಿ ನದಿಯ ಕಳಸಾ–ಬಂಡೂರಿ ಯೋಜನೆಗಾಗಿ ವರ್ಷಗಟ್ಟಲೆ ಧರಣಿ ನಡೆಯಿತು. ಆದರೆ ದೊಡ್ಡ ನೀರಿಗಾಗಿ ಬೀದಿಗಿಳಿದವರಲ್ಲಿ ತಮ್ಮೂರ ಕೆರೆಯ ಹೂಳೆತ್ತಿದ ಬಿಲ್ಲನ್ನು ಕೈಯಲ್ಲಿ ಹಿಡಿದು ಓದಿದವರು ಎಷ್ಟು ಮಂದಿ? ವಿಶ್ವಸಂಸ್ಥೆ 2030ಕ್ಕೆಂದು ಹಾಕಿಕೊಂಡ 17 ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಆರನೆಯದು ನೀರಿನದು. ಅದರ ಲೆಕ್ಕವನ್ನು ದೆಹಲಿಯಲ್ಲಿ ಕೇಳುವ ಮೊದಲು ಪಂಚಾಯಿತಿ ಕಟ್ಟೆಯಲ್ಲಿ ಕೇಳಬಹುದು. ಅದಕ್ಕೆ ಒಂದು ಟೇಪು, 10 ರೂಪಾಯಿ ಮತ್ತು ಬೇಸಿಗೆಯಿಂದ ಸೆಪ್ಟೆಂಬರ್‌ವರೆಗಿನ ತಾಳ್ಮೆ ಸಾಕು.

ಹಂತ 1: ಒಂದೇ ಕೆಲಸ ಹಿಡಿಯಿರಿ

"ಊರಾಗ ಏನೂ ಸರಿ ಇಲ್ಲರಿ" ಎಂದರೆ ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಇರುವುದಿಲ್ಲ. ಒಂದು ಕೆರೆ, ಒಂದು ಪೈಪ್‌ಲೈನು, ಒಂದು ಚೆಕ್ ಡ್ಯಾಮು, ಇಷ್ಟೇ ಇರಲಿ. ನವಲಗುಂದ, ಅಣ್ಣಿಗೇರಿಯ ಎರಿ ಭೂಮಿಯಲ್ಲಿ ಬೋರಿನ ನೀರು ಹಲವೆಡೆ ಸವಳು, ಕುಡಿಯಲು ಕೆರೆಯೇ ಗತಿ. ಹಾಗಾಗಿ ಅಲ್ಲಿ ಕೆರೆಯಿಂದ ಶುರು ಮಾಡುವುದು ಸರಿ. ಕುಂದಗೋಳದಲ್ಲಿ ಬೆಣ್ಣಿಹಳ್ಳದ ದಂಡೆಯ ಕೆಲಸವಿರಬಹುದು. ಕಲಘಟಗಿಯ ಕಾಡಂಚಿನಲ್ಲಿ, ಜೀವವೈವಿಧ್ಯ ಸಮಿತಿ ಕಾಗದದ ಮೇಲೆ ಮಾತ್ರ ಇದೆಯೇ ಎಂದು ಕೇಳಬಹುದು.

ಹಂತ 2: ಮೊದಲು ನೀವೇ ಅಳೆಯಿರಿ

ಕೆರೆಯ ಅಳತೆಗೆ ಏಪ್ರಿಲ್–ಮೇ ತಿಂಗಳೇ ಸರಿ. ಮಳೆ ಬಿದ್ದು ನೀರು ನಿಂತಿತೆಂದರೆ ಎಂಜಿನಿಯರ್ ಬರೆದದ್ದೇ ಸತ್ಯ. ಹೂಳೆತ್ತಿದ ಜಾಗದ ಉದ್ದ, ಅಗಲ, ಆಳವನ್ನು ಮೀಟರಿನಲ್ಲಿ ತೆಗೆದು ಗುಣಿಸಿ. 60 ಮೀಟರ್ ಉದ್ದ, 40 ಮೀಟರ್ ಅಗಲ, 1 ಮೀಟರ್ ಆಳ ಎಂದರೆ 2,400 ಘನ ಮೀಟರ್. ಒಂದು ಟ್ರೇಲರಿಗೆ ಸುಮಾರು 3 ಘನ ಮೀಟರ್ ಹಿಡಿದರೆ 800 ಟ್ರಿಪ್. ಅಗೆದ ಮಣ್ಣು ಉಬ್ಬುವುದರಿಂದ ನಿಜಕ್ಕೂ ಇನ್ನಷ್ಟು ಟ್ರಿಪ್ ಆಗಬೇಕು. ಊರೊಳಗಿಂದ 800 ಟ್ರ್ಯಾಕ್ಟರ್ ಹಾದುಹೋಗಿದ್ದರೆ ಅದು ಕಟ್ಟೆಯ ಮೇಲೆ ಕುಳಿತ ಹಿರಿಯರ ಕಣ್ಣಿಗೆ ಬೀಳದೆ ಇರುತ್ತದೆಯೇ? ಆ ಹೂಳು ಯಾರ ಹೊಲಕ್ಕೆ ಹೋಯಿತು ಎಂಬುದೂ ಅವರಿಗೆ ಗೊತ್ತಿರುತ್ತದೆ. ಒಂದು ಮಾತು ನೆನಪಿರಲಿ: ಕೆಲಸ ಮುಗಿದ ಮೇಲೆ ಒಂದು ಮಳೆಗಾಲ ಕಳೆದಿದ್ದರೆ ಹೊಸ ಹೂಳು ಕೂತಿರುತ್ತದೆ. ಸ್ವಲ್ಪ ವ್ಯತ್ಯಾಸ ಕಂಡ ಕೂಡಲೇ ಕಳ್ಳತನ ಎಂದು ಕೂಗಬೇಡಿ.

ಕೊಳಾಯಿ ನೀರಿನ ಅಳತೆ ಇನ್ನೂ ಸುಲಭ. ಜಲಜೀವನ್ ಮಿಷನ್ ಹೇಳುವುದು ತಲೆಗೆ ದಿನಕ್ಕೆ 55 ಲೀಟರ್. ಐದು ಜನರ ಮನೆಗೆ ಅದು 275 ಲೀಟರ್, ಅಂದರೆ 15 ಲೀಟರಿನ ಸುಮಾರು 18 ಕೊಡ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನೀರು ಬಂದ ದಿನ, ಹೊತ್ತು, ತುಂಬಿದ ಕೊಡಗಳನ್ನು ಒಂದು ತಿಂಗಳು ಬರೆದಿಡಿ. ಈ ಲೆಕ್ಕ ಹೆಂಗಸರ ಕೈಯಲ್ಲಿದ್ದರೆ ಒಳ್ಳೆಯದು. ನೀರಿಗಾಗಿ ಕಾಯುವವರು ಅವರೇ.

ಹಂತ 3: ಏನು ಮಾತು ಕೊಟ್ಟಿದ್ದರು ಎಂದು ಹುಡುಕಿ

ಧಾರವಾಡ ಜಿಲ್ಲೆಯ ಬಹುಗ್ರಾಮ ಕುಡಿಯುವ ನೀರಿನ ಯೋಜನೆಗೆ 2023ರ ಮಾರ್ಚ್ 12ರಂದು ಪ್ರಧಾನಿ ಶಂಕುಸ್ಥಾಪನೆ ಮಾಡಿದರು. ವೆಚ್ಚ 1,040 ಕೋಟಿ ರೂಪಾಯಿಗೂ ಹೆಚ್ಚು. ಅದೇ ದಿನ ತುಪ್ಪರಿಹಳ್ಳದ ಪ್ರವಾಹ ತಡೆ ಕಾಮಗಾರಿಗೂ ಕಲ್ಲು ಬಿತ್ತು, ಸುಮಾರು 150 ಕೋಟಿಯದು. ಇಂಥ ಯೋಜನೆಯಲ್ಲಿ ನಿಮ್ಮೂರು ಇದೆಯೇ, ಎಂದಿಗೆ ಮುಗಿಯಬೇಕು ಎಂದು ಕೇಳುವ ಹಕ್ಕು ನಿಮಗಿದೆ. ಪಂಚಾಯಿತಿಯ ಸ್ವಂತ ಕೆಲಸಗಳು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಸಿಗುತ್ತವೆ. 15ನೇ ಹಣಕಾಸು ಆಯೋಗದ ಅವಧಿಯಲ್ಲಿ (2021–26) ಪಂಚಾಯಿತಿಗಳಿಗೆ ಬಂದ ಅನುದಾನದಲ್ಲಿ ಶೇ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಈ ಹುಡುಕಾಟ ಹುಡುಗರ ಮೊಬೈಲಿನಲ್ಲಿ ಹತ್ತು ನಿಮಿಷದ ಕೆಲಸ.

ಹಂತ 4: ಜೂನ್ ಮೊದಲ ವಾರ, ಮಾಹಿತಿ ಹಕ್ಕಿನ ಅರ್ಜಿ

ಹೆಸರು ಬಿತ್ತನೆಯ ಗಡಿಬಿಡಿ ಇದ್ದರೂ ಇದನ್ನು ಮುಂದೂಡಬೇಡಿ. ಕಾರಣ ಮುಂದಿನ ಹಂತದಲ್ಲಿದೆ. 2005ರ ಕಾಯ್ದೆಯಡಿ 10 ರೂಪಾಯಿ ಶುಲ್ಕ, ಪೋಸ್ಟಲ್ ಆರ್ಡರ್ ನಡೆಯುತ್ತದೆ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಪಂಚಾಯಿತಿಯಲ್ಲಿ ಮಾಹಿತಿ ಅಧಿಕಾರಿ ಸಾಮಾನ್ಯವಾಗಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಹೀಗೆ ಬರೆಯಿರಿ:

"ನಮ್ಮ ಗ್ರಾಮದ ಕೆರೆಯ ಹೂಳೆತ್ತುವ ಕಾಮಗಾರಿಯ (ವರ್ಷ ನಮೂದಿಸಿ) ಅಂದಾಜು ಪಟ್ಟಿ, ಕಾರ್ಯಾದೇಶ, ಅಳತೆ ಪುಸ್ತಕದ ಪುಟಗಳು, ಪಾವತಿಸಿದ ಬಿಲ್ಲು ಮತ್ತು ಫೋಟೊಗಳ ದೃಢೀಕೃತ ಪ್ರತಿ ಕೊಡಿ. ಕಡತವನ್ನೂ ಕಾಮಗಾರಿಯನ್ನೂ ಪರಿಶೀಲಿಸಲು ದಿನ ತಿಳಿಸಿ."

"ಕೆಲಸ ಯಾಕೆ ಕೆಟ್ಟಿದೆ?" ಎಂದು ಬರೆದರೆ ಅರ್ಜಿ ಬಿದ್ದುಹೋಗುತ್ತದೆ. ಕಾಗದ ಕೇಳಿ, ಕಾರಣ ಕೇಳಬೇಡಿ. ನಿಮಗೆ ಅದು ಯಾಕೆ ಬೇಕು ಎಂದು ಅವರೂ ಕೇಳುವಂತಿಲ್ಲ. ಆ ಕೆಲಸ ಬೇರೆ ಇಲಾಖೆಯದಾದರೆ ಅರ್ಜಿಯನ್ನು ಐದು ದಿನದೊಳಗೆ ಅವರೇ ಅಲ್ಲಿಗೆ ದಾಟಿಸಬೇಕು. ಕಾಮಗಾರಿಯನ್ನು ಕಣ್ಣಾರೆ ನೋಡುವ, ಸಾಮಗ್ರಿಯ ಮಾದರಿ ಪಡೆಯುವ ಹಕ್ಕೂ ಇದೇ ಕಾಯ್ದೆಯಲ್ಲಿದೆ. ಇದನ್ನು ಬಳಸುವವರು ತೀರ ಕಡಿಮೆ. "ನಾಳೆ ಬರ್ರಿ, ಸಾಹೇಬ್ರು ಮೀಟಿಂಗ್‌ನ್ಯಾಗ ಅದಾರ" ಎಂದರೆ ವಾದಕ್ಕಿಳಿಯದೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿ. ಕೈಯಲ್ಲಿ ಕೊಟ್ಟರೆ ಸ್ವೀಕೃತಿಯ ಸಹಿ, ಸಿಕ್ಕಾ ಬಿಡಬೇಡಿ.

ಗುತ್ತಿಗೆದಾರ ನಿಮ್ಮ ಸೋದರಮಾವನೇ ಆಗಿರಬಹುದು. ಹಳ್ಳಿಯಲ್ಲಿ ಲೆಕ್ಕ ಕೇಳುವುದರ ನಿಜವಾದ ಕಷ್ಟ ಕಾಯ್ದೆಯಲ್ಲಿಲ್ಲ, ಇಲ್ಲಿದೆ. ಮೂರ್ನಾಲ್ಕು ಜನ ಬೇರೆ ಬೇರೆ ಹೆಸರಿನಲ್ಲಿ ಅರ್ಜಿ ಹಾಕಿ, ಬೇರೆ ಬೇರೆ ಓಣಿಯವರಾದರೆ ಇನ್ನೂ ಒಳ್ಳೆಯದು.

ಹಂತ 5: ಜಮಾಬಂದಿಗೆ ಹೋಗಿ

ಗ್ರಾಮಸಭೆ ಎಲ್ಲರಿಗೂ ಗೊತ್ತು; ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆದರೆ ಲೆಕ್ಕಕ್ಕೆ ತಕ್ಕ ಜಾಗ ಪಂಚಾಯಿತಿ ಜಮಾಬಂದಿ. 2004ರ ನಿಯಮದಂತೆ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನೊಳಗೆ, ಮೇಲಿನಿಂದ ಬಂದ ಅಧಿಕಾರಿಯ ಮುಂದೆ ಹಿಂದಿನ ವರ್ಷದ ಜಮೆ-ಖರ್ಚನ್ನು ತೆರೆದಿಡಬೇಕು, ಕಾಮಗಾರಿಗಳನ್ನೂ ನೋಡಬೇಕು. ಜೂನ್‌ನಲ್ಲಿ ಅರ್ಜಿ ಹಾಕಿ ಎಂದದ್ದು ಇದಕ್ಕೇ: 30 ದಿನದೊಳಗೆ ಉತ್ತರ ಕೊಡಬೇಕಾದ್ದರಿಂದ ಕಾಗದ ಜುಲೈನಲ್ಲಿ ಕೈಗೆ ಬಂದಿರಬೇಕು. ಹೆಸರು ಬಿಡಿಸುವ ಹೊತ್ತಿಗೇ ಈ ಸಭೆ ಬರುತ್ತದೆ ಎಂಬುದು ನಮ್ಮ ಭಾಗದ ದುರದೃಷ್ಟ, ಮನೆಗೊಬ್ಬರಾದರೂ ಹೋಗಿ. ಅಳತೆ ಪುಸ್ತಕದ ಅಂಕಿ ಓದಿ, ನಿಮ್ಮ ಅಳತೆ ಓದಿ, "ಬರ್ರಿ, ಕೆರಿಗೆ ಹೋಗೋಣ" ಎನ್ನಿ. ಅಲ್ಲಿ ಆದ ಮಾತು ನಡಾವಳಿಯಲ್ಲಿ ದಾಖಲಾಗುವವರೆಗೆ ಏಳಬೇಡಿ.

ಕಾಗದ ಸಾಕೇ, ಜನ ಸಾಕೇ ಎಂಬ ತಕರಾರಿಗೆ ಉತ್ತರ ಹಳೆಯ ಧಾರವಾಡ ಜಿಲ್ಲೆಯಲ್ಲೇ ಇದೆ. ಹಾನಗಲ್ ತಾಲೂಕಿನ ಕುಸನೂರಿನಲ್ಲಿ 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಅದೇ ಕಿತ್ತಿಕೋ-ಹಚ್ಚಿಕೋ ಸತ್ಯಾಗ್ರಹ. ಅದಕ್ಕೂ ಮೊದಲೇ ಶಿವರಾಮ ಕಾರಂತರು ಮತ್ತು ಸಮಾಜ ಪರಿವರ್ತನ ಸಮುದಾಯ ಅದೇ ವಿಷಯಕ್ಕೆ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿ ಆಗಿತ್ತು. ಕಾಗದವೂ ಬೇಕು, ಜನರೂ ಬೇಕು.

ಹಂತ 6: ಉತ್ತರ ಬಾರದಿದ್ದರೆ

30 ದಿನ ಕಳೆದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ. ಪಂಚಾಯಿತಿಯ ವಿಷಯಕ್ಕೆ ಅದು ಸಾಮಾನ್ಯವಾಗಿ ತಾಲೂಕು ಪಂಚಾಯಿತಿ ಕಾರ್ಯನಿರ್ವಾಹಕ ಅಧಿಕಾರಿಗೆ. ಅಲ್ಲೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗ. ಬೆಳಗಾವಿಯಲ್ಲೂ ಅದರ ಪೀಠವಿದೆ. ತಪ್ಪಿತಸ್ಥ ಅಧಿಕಾರಿಗೆ ದಿನಕ್ಕೆ 250 ರೂಪಾಯಿಯಂತೆ 25,000ದವರೆಗೆ ದಂಡ ಬೀಳಬಹುದು. ಆಯೋಗದಲ್ಲಿ ಸರದಿ ಉದ್ದ. ನೀರೇ ಬಾರದಂಥ ತುರ್ತು ದೂರಿಗೆ 1902 ಸಹಾಯವಾಣಿಗೆ ಕರೆ ಮಾಡಿ, ಅವರು ಕೊಡುವ ದೂರು ಸಂಖ್ಯೆಯನ್ನು ಅದೇ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಳ್ಳಿ.