ಮಗುವಿಗೂ ಒಂದು ಬರ್ತ್ ಇರಲಿ

ಮಕ್ಕಳಿರುವ ಮನೆಯಲ್ಲಿ ರಜೆಯ ಪ್ರವಾಸಕ್ಕೆ ಲೆಕ್ಕ ಹಾಕಲು ಕೂತರೆ ಮೊದಲ ಕತ್ತರಿ ಬೀಳುವುದು ಮಗುವಿನ ಟಿಕೆಟ್ಟಿಗೆ. ರೈಲಿನಲ್ಲಿ ಐದು ವರ್ಷದೊಳಗಿನ ಮಗುವಿಗೆ, ಬರ್ತ್ ಕೇಳದಿದ್ದರೆ, ಟಿಕೆಟ್ಟೇ ಬೇಡ. ಐದು ತುಂಬಿ ಹನ್ನೆರಡು ತುಂಬದವರಿಗೆ ಹಿಂದೆ ಅರ್ಧ ದರಕ್ಕೇ ಬರ್ತ್ ಸಿಗುತ್ತಿತ್ತು. 2016ರ ಏಪ್ರಿಲ್‌ನಿಂದ ಬರ್ತ್ ಬೇಕೆಂದರೆ ದೊಡ್ಡವರಷ್ಟೇ ದರ. ಅರ್ಧ ಕೊಟ್ಟರೆ ಬರ್ತ್ ಇಲ್ಲ. ಹಾಗಾಗಿ ಎಷ್ಟೋ ಮನೆಯವರು ಅರ್ಧ ಟಿಕೆಟ್ ಮಾಡಿಸಿ, ‘ಪಕ್ಕದಲ್ಲೇ ಮಲಗಿಸಿಕೊಂಡರಾಯಿತು’ ಎನ್ನುತ್ತಾರೆ. ಮಕ್ಕಳನ್ನು ಕಟ್ಟಿಕೊಂಡು ಓಡಾಡಿದ ಅನುಭವದ ಮೇಲೆ ಹೇಳುತ್ತೇನೆ, ರಾತ್ರಿ ಪ್ರಯಾಣದಲ್ಲಿ ಇದು ಬಹಳ ದುಬಾರಿ ಉಳಿತಾಯ. ಸ್ಲೀಪರ್ ಬರ್ತಿನಲ್ಲಿ ಒಬ್ಬರು ಮಗ್ಗುಲು ಬದಲಿಸುವುದೇ ಕಷ್ಟ. ಎಂಟು ವರ್ಷದ ಹುಡುಗ ನಡುರಾತ್ರಿ ಅಡ್ಡ ತಿರುಗಿದರೆ ತಾಯಿ ಎದ್ದು ಕಿಟಕಿಗೆ ಒರಗಿ ಕೂರುತ್ತಾಳೆ, ಬೆಳಗಾಗುವವರೆಗೆ. ಹೀಗೆ ನಿದ್ದೆಗೆಟ್ಟವರು ಇಳಿದ ಮೇಲೆ ಬಸ್ಸಿಗೆ ಕಾಯುವುದಿಲ್ಲ. ಕೇಳಿದಷ್ಟು ಕೊಟ್ಟು ಆಟೊ ಹತ್ತುತ್ತಾರೆ, ಮಧ್ಯಾಹ್ನದವರೆಗೆ ತಾಳಲಾರದೆ ಬೆಳಿಗ್ಗೆಯೇ ರೂಮು ಸಿಗಲೆಂದು ಲಾಡ್ಜಿಗೆ ಹೆಚ್ಚು ತೆರುತ್ತಾರೆ.

ನಿಜವಾಗಿ ಕತ್ತರಿ ಹಾಕಬೇಕಾದ್ದು ನೋಡುವ ಊರುಗಳ ಪಟ್ಟಿಗೆ. ಹಂಪಿಯನ್ನೇ ತೆಗೆದುಕೊಳ್ಳಿ. ರಾತ್ರಿ ಬೆಂಗಳೂರು ಬಿಡುವ ಹಂಪಿ ಎಕ್ಸ್‌ಪ್ರೆಸ್ ಬೆಳಿಗ್ಗೆ ಹೊಸಪೇಟೆಗೆ ತಲುಪಿಸುತ್ತದೆ. ಅಲ್ಲಿಂದ ಹಂಪಿಗೆ ಸರ್ಕಾರಿ ಬಸ್ಸಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಅಮ್ಮನಿಗೂ ಮಗಳಿಗೂ ಆ ಬಸ್ಸು ಉಚಿತ. ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಇಷ್ಟರವರೆಗೆ ಖರ್ಚು ಹಿಡಿತದಲ್ಲೇ ಇರುತ್ತದೆ. ‘ಬಂದದ್ದೇ ಬಂದೆವು’ ಎಂದು ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನೂ ಅದೇ ಎರಡು ದಿನಕ್ಕೆ ತುರುಕಿದಾಗ ದುಡ್ಡು ಸೋರತೊಡಗುತ್ತದೆ: ಕಿಲೋಮೀಟರ್ ಲೆಕ್ಕದ ಟ್ಯಾಕ್ಸಿ, ಡ್ರೈವರ್ ಬಾಟಾ, ಇನ್ನೊಂದು ರಾತ್ರಿಯ ರೂಮು, ಹಟ ಹಿಡಿದ ಮಗುವಿಗೆ ದಾರಿಯುದ್ದಕ್ಕೂ ಕುರುಕಲು. ಅಷ್ಟಾಗಿಯೂ ನಾಲ್ಕನೇ ಗುಹೆಯ ಹೊತ್ತಿಗೆ ಮಗು ‘ಎತ್ಕೋ’ ಎಂದು ಕೈ ಚಾಚುತ್ತದೆ. ಅದೇ ಮಗು ವಿರೂಪಾಕ್ಷ ದೇವಸ್ಥಾನದ ಆನೆ ಲಕ್ಷ್ಮಿ ತುಂಗಭದ್ರೆಯಲ್ಲಿ ಪಕ್ಕಕ್ಕೆ ಮಲಗಿ ಮೈ ಉಜ್ಜಿಸಿಕೊಳ್ಳುವುದನ್ನು ಮೆಟ್ಟಿಲ ಮೇಲೆ ಕೂತು ಎಷ್ಟು ಹೊತ್ತಾದರೂ ನೋಡುತ್ತದೆ. ಆ ಸಂತೋಷಕ್ಕೆ ಟಿಕೆಟ್ ಇಲ್ಲ, ಅವಸರ ಇರಬಾರದು ಅಷ್ಟೆ.

‘ಚಿಕ್ಕವರಿಗೆ ಏನು ನೆನಪಿರುತ್ತದೆ, ಆ ದುಡ್ಡು ಓದಿಗೆ ಇಡಬಹುದಲ್ಲ’ ಎನ್ನುವವರಿದ್ದಾರೆ. ಓದಿನ ಹಣ ಮೊದಲು, ಅದರಲ್ಲಿ ಎರಡು ಮಾತಿಲ್ಲ. ಸಾಲ ಮಾಡಿ ಪ್ರವಾಸಕ್ಕೆ ಹೋಗುವುದಂತೂ ಕೂಡದು. ಆದರೆ ಪ್ರವಾಸಕ್ಕೆಂದೇ ತಿಂಗಳಿಗಿಷ್ಟು ಎಂದು ಸಣ್ಣದೊಂದು ಆರ್‌ಡಿ ಕಟ್ಟಿದರೆ ಓದಿನ ಹಣ ಮುಟ್ಟಬೇಕಿಲ್ಲ. ನೆನಪಿನ ಮಾತಿಗೆ ಬಂದರೆ, ಮಗು ಮರೆತರೂ ಆ ದಿನ ಅದು ನಕ್ಕಿದ್ದು ಸುಳ್ಳಾಗುವುದಿಲ್ಲ. ಇನ್ನು, ಇಬ್ಬರು ಮಕ್ಕಳಿಗೂ ಪೂರ್ತಿ ಟಿಕೆಟ್ ಎಂದರೆ ಹೊರೆ ಎಂಬುದು ನ್ಯಾಯವಾದ ಮಾತು. ಹಗಲಿನ ಸಣ್ಣ ಪ್ರಯಾಣಕ್ಕೆ ಅರ್ಧ ಟಿಕೆಟ್ ಧಾರಾಳವಾಗಿ ಸಾಕು. ರಾತ್ರಿಯದಾದರೆ ಎಸಿ ಬಿಟ್ಟು ಸ್ಲೀಪರಿಗೆ ಇಳಿಯಿರಿ, ಒಂದು ಊರು ಕಡಿಮೆ ಮಾಡಿ. ಈಗ ರೈಲ್ವೆ ಬುಕಿಂಗ್ ತೆರೆಯುವುದು 60 ದಿನ ಮೊದಲು. ದಸರಾ ರಜೆಯ ತಾರೀಖು ಗೊತ್ತಾದ ಕೂಡಲೇ ಮಗುವಿನ ಹೆಸರಿಗೂ ಒಂದು ಬರ್ತ್ ಹಿಡಿದಿಡಿ.