ಟೀಮಿನ ಹುಡುಗನ ಮೇಲೆ ದೂರು ಬಂದಾಗ

ನೋಡಪ್ಪಾ, ದೊಡ್ಡಬಳ್ಳಾಪುರದ ಕಾಲೇಜಿಗೆ ಪಿ.ಡಿ. (ದೈಹಿಕ ಶಿಕ್ಷಣ ನಿರ್ದೇಶಕ) ಆಗಿ ಹೊರಟಿದ್ದೀಯ. ಕಬಡ್ಡಿ ಟೀಮು ಕಟ್ಟೋದನ್ನ ನಾನು ಹೇಳಿಕೊಡಬೇಕಿಲ್ಲ. ನನ್ನ ಮಾತು ಬೇರೆ. ಒಂದಲ್ಲ ಒಂದು ದಿನ ಒಬ್ಬ ಹುಡುಗಿ ನಿನ್ನ ರೂಮಿನ ಬಾಗಿಲಲ್ಲಿ ನಿಂತು, "ಸರ್, ನಿಮ್ಮ ಟೀಮಿನವನು ಟೂರ್ನಮೆಂಟ್ ಬಸ್ಸಲ್ಲಿ ನನ್ನ ಹತ್ರ ಕೆಟ್ಟದಾಗಿ ನಡ್ಕೊಂಡ" ಅಂತಾಳೆ. ಅವನೇ ನಿನ್ನ ಮುಖ್ಯ ರೈಡರ್ ಆಗಿರ್ತಾನೆ.

ಆಗ ಎಲ್ಲರಿಗೂ ಹೊಳೆಯೋದು ರಾಜಿ ಪಂಚಾಯ್ತಿ. ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ, ಅವನ ಬಾಯಲ್ಲಿ ಸಾರಿ ಅನ್ನಿಸಿ, ಅವಳಿಗೆ "ನಿನ್ನ ಹೆಸರೇ ಹಾಳಾಗುತ್ತೆ, ಬಿಟ್ಟುಬಿಡಮ್ಮ" ಅಂತ ಬುದ್ಧಿ ಹೇಳೋದು. ಅಷ್ಟೊತ್ತಿಗೆ ಊರಿನ ಮುಖಂಡರ ಫೋನೂ ಬಂದಿರುತ್ತೆ. ದಯವಿಟ್ಟು ಇದಕ್ಕೆ ಕೈ ಹಾಕಬೇಡ. ಅಷ್ಟು ಜನರ ಮುಂದೆ ಅವಳು "ಸರಿ ಸರ್" ಅಂದರೆ ಅದು ಒಪ್ಪಿಗೆಯಲ್ಲ. ಮಾರನೇ ದಿನದಿಂದ ಗ್ರೌಂಡಿಗೆ ಬರೋದನ್ನೇ ಬಿಡ್ತಾಳೆ.

ಬಸ್ಸಲ್ಲಿ ನಡೆದದ್ದು ಕಾಲೇಜಿಗೆ ಸಂಬಂಧವಿಲ್ಲ ಅನ್ನೋರೂ ಇರ್ತಾರೆ. ಯು.ಜಿ.ಸಿ.ಯ 2015ರ ನಿಯಮದ ಪ್ರಕಾರ ಕ್ರೀಡಾಕೂಟದ ಜಾಗವೂ ಕ್ಯಾಂಪಸ್ಸೇ, ಕಾಲೇಜು ಮಾಡಿಕೊಟ್ಟ ಬಸ್ಸೂ ಕ್ಯಾಂಪಸ್ಸೇ. ಅವಳನ್ನ ಅವತ್ತೇ ಆಂತರಿಕ ದೂರು ಸಮಿತಿಯ ಮೇಡಂ ಹತ್ತಿರ ಕಳಿಸು. ದೂರು ಬರೆಯೋಕೆ ನೆರವಾಗೋದು ಅವರ ಕರ್ತವ್ಯ. ವಿಚಾರಣೆಗೆ 90 ದಿನದ ಗಡುವಿದೆ. ಹುಡುಗಿಗೆ ಹದಿನೆಂಟು ತುಂಬಿಲ್ಲ, ವಿಷಯ ಲೈಂಗಿಕ ದೌರ್ಜನ್ಯ ಅಂದರೆ ಅದು ಪೋಕ್ಸೊ ಕಾಯ್ದೆಯಡಿ ಬರುತ್ತೆ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದಿದ್ದರೆ ನಿನ್ನ ಮೇಲೂ ಕೇಸಾಗುತ್ತೆ.

ನಿಜವೋ ಸುಳ್ಳೋ ಅಂತ ನೀನು ತೀರ್ಮಾನಿಸೋಕೆ ಹೋಗಬೇಡ. ಅವನನ್ನ ನಸುಕಿಗೇ ಎಬ್ಬಿಸಿ ಓಡಿಸಿದವನು ನೀನು, ಅವನ ಮನೆ ಕಷ್ಟ ಬಲ್ಲವನು ನೀನು. ನಿನ್ನ ಮನಸ್ಸು ಅವನ ಕಡೆಗೇ ವಾಲುತ್ತೆ. ತೀರ್ಪು ಬೇರೆಯವರು ಕೊಡಬೇಕು ಅನ್ನೋದಕ್ಕೆ ಒಂದು ಉದಾಹರಣೆ ಕೇಳು. 2019ರ ಜನವರಿಯಲ್ಲಿ ಟಿ.ವಿ. ಶೋ ಒಂದರ ಮಾತಿಗಾಗಿ ಬಿಸಿಸಿಐ ನಮ್ಮ ಕೆ.ಎಲ್. ರಾಹುಲ್ ಮತ್ತು ಹಾರ್ದಿಕ್ ಪಾಂಡ್ಯರನ್ನ ಅಮಾನತು ಮಾಡಿ ಆಸ್ಟ್ರೇಲಿಯಾದಿಂದ ವಾಪಸ್ ಕರೆಸಿತು. ಅದು ನಾಲಗೆಯ ತಪ್ಪು, ಇಂಥ ದೂರಿಗೆ ಸಮವಲ್ಲ, ಆದರೂ ನಡೆದ ರೀತಿ ಗಮನಿಸು. ವಿಚಾರಣೆ ಬಾಕಿ ಇರುವಾಗಲೇ ಅಮಾನತು ತೆಗೆದರು. ಆಮೇಲೆ ಕೆ.ಎಲ್. ರಾಹುಲ್, ದ್ರಾವಿಡ್ ಕೋಚ್ ಆಗಿದ್ದ ಭಾರತ 'ಎ' ತಂಡಕ್ಕೆ ಆಡಿದರು. ಏಪ್ರಿಲ್‌ನಲ್ಲಿ ಬಿಸಿಸಿಐನ ಓಂಬುಡ್ಸ್‌ಮನ್ ಇಬ್ಬರಿಗೂ ತಲಾ 20 ಲಕ್ಷ ದಂಡ ಹಾಕಿದರು. ಆಟ ನೋಡಿಕೊಂಡವರು ಕೋಚ್, ತೀರ್ಪು ಕೊಟ್ಟವರು ಬೇರೆಯವರು.

ಸಮಿತಿ ಹೇಳೋವರೆಗೂ ಅವಳು ಹತ್ತೋ ಬಸ್ಸಿಗೆ ಅವನನ್ನ ಹತ್ತಿಸಬೇಡ, ಟೂರ್ನಮೆಂಟ್ ಸೋತರೂ ಪರವಾಗಿಲ್ಲ. ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಅವಳ ಹೆಸರು ಬಂದರೆ ಕ್ಯಾಪ್ಟನ್‌ನ ಕರೆದು ಆಗಲೇ ನಿಲ್ಲಿಸು. "ಮೆಸೇಜ್ ಎಲ್ಲಾ ಡಿಲೀಟ್ ಮಾಡ್ಕೋ" ಅಂತ ಸೀನಿಯರ್‌ಗಳು ಅವನಿಗೆ ಹೇಳಿಕೊಡ್ತಾರೆ. ಒಂದನ್ನೂ ಅಳಿಸಬೇಡ ಅಂತ ನೀನು ಹೇಳು. ಅವನನ್ನ ಪೂರ್ತಿ ಕೈಬಿಡಲೂ ಬೇಡ. ಊಟ ಮಾಡಿದನೋ ಇಲ್ಲವೋ, ಮನೆಯಲ್ಲಿ ಹೇಳಿದ್ದಾನೋ ಇಲ್ಲವೋ ಕೇಳು. ಆದರೆ ಆ ಬಸ್ಸಿನ ಸುದ್ದಿ ಮಾತ್ರ ಕೆದಕಬೇಡ, ಅದನ್ನ ಅವನು ಸಮಿತಿಯ ಮುಂದೆ ಹೇಳಲಿ. ತಪ್ಪಿಲ್ಲ ಅಂತ ವರದಿ ಬಂದರೆ ಅವನ ಹೆಸರನ್ನ ನೋಟಿಸ್ ಬೋರ್ಡಿನ ಟೀಮ್ ಲಿಸ್ಟಲ್ಲಿ ಅವತ್ತೇ ನಿನ್ನ ಕೈಯಾರೆ ಬರಿ. ತಪ್ಪಿದೆ ಅಂತ ಬಂದರೆ, ಶಿಕ್ಷೆ ಕಡಿಮೆ ಮಾಡಿ ಅಂತ ಪ್ರಿನ್ಸಿಪಾಲರ ಛೇಂಬರಿಗೆ ಹೋಗಬೇಡ.